ಅಪ್‌ಡೇಟ್: ಟೋಟಲ್ ಲಾಸ್ ಆಗಿದ್ದ ನನ್ನ ಕಾರು ಕೊನೆಗೂ ಮಾರಿದೆ

ಹುಮನಾಬಾದ್ ರಸ್ತ್ಯಾಗ ಪಲ್ಟಿಯಾದ ನನ್ನ ಕಾರು ಮಾರೋದು ಹ್ಯಾಂಗ ಅಂತ ಇಲ್ಲಿ ಕೇಳಿದ್ದೆ, ನೆನಪದ ಏನ್ರಿ? ಐಡಿವಿ (ವಿಮೆ ಪಾಲಿಸಿಯಾಗ ಗಾಡಿಗೆ ಕಟ್ಟಿದ ಬೆಲೆ) 4.20 ಲಕ್ಷ, ರಿಪೇರಿ ಅಂದಾಜು 3.40 ಲಕ್ಷ. ರಿಪೇರಿ ಖರ್ಚು ಐಡಿವಿಯ 75% ದಾಟಿದ್ದಕ್ಕ ವಿಮೆಯವರು ಟೋಟಲ್ ಲಾಸ್, ಅಂದ್ರ ರಿಪೇರಿ ಮಾಡಿಸೋದು ಲಾಭ ಇಲ್ಲ, ಪೂರ್ತಿ ನಷ್ಟ ಅಂದ್ರು. ಸಾಲ್ವೇಜ್ ಬೆಲೆ (ಒಡೆದ ಗಾಡಿಗೆ ಸಿಗೋ ರೊಕ್ಕ) ಕಡಿದುಕೊಂಡು ಉಳಿದ ರೊಕ್ಕ ಕೊಟ್ಟರು. ಗಾಡಿ ನಾನೇ ಇಟ್ಕೊಂಡು ಕಲಬುರಗಿ ರಿಂಗ್ ರೋಡಿನ ಗ್ಯಾರೇಜಿನಾಗ 1.90 ಲಕ್ಷ ಸುರಿದೆ.

ಹೊರಗ ಮದುಮಗನ ಹಾಂಗ ಹೊಳೀತಿತ್ತು. ಆದ್ರ ಮೊದಲು ಬಂದ ದಲ್ಲಾಳಿ ಬಾನೆಟ್ ಎತ್ತಿ ಏಪ್ರನ್ (ಎಂಜಿನ್ ಬದಿಯ ಒಳಗಿನ ತಗಡು) ನೋಡಿದ, ಬಾಗಿಲಿನ ರಬ್ಬರ್ ಎಳೆದು ಪಿಲ್ಲರಿನ (ಛಾವಣಿ ಹೊರೋ ಕಂಬದ) ವೆಲ್ಡಿಂಗ್ ಮುಟ್ಟಿದ. "ಅಣ್ಣಾ, ಇದು ಕಟ್ ಆಗಿ ಕೂಡಿದ ಗಾಡಿ ಅದ" ಅಂದ. ಎರಡು ನಿಮಿಷನೂ ಹಿಡೀಲಿಲ್ಲ! ಎರಡು ಲಕ್ಷಕ್ಕಿಂತ ಮ್ಯಾಲೆ ಏರಲೇ ಇಲ್ಲ. ಪೆಟ್ಟು ತಿನ್ನದ ಇಂಥದೇ ಗಾಡಿ ನಾಲ್ಕರ ಹತ್ರ ಹೋಗ್ತದ.

ಅಪಘಾತದ ವಿಷಯ ಮುಚ್ಚಿಡು ಅಂದವರೂ ನಿಮ್ಮಾಗ ಇದ್ರಿ. ನನಗ ಮನಸ್ಸಾಗಲಿಲ್ಲ. ಸರ್ವೆ ವರದಿ, ಬಿಲ್ಲು, ಒಡೆದ ಗಾಡಿಯ ಫೋಟೋ ಎಲ್ಲಾ ಫೈಲ್ ಮಾಡಿಟ್ಟೆ. ಶಹಾಬಾದಿನ ಮೆಕ್ಯಾನಿಕ್ ಒಬ್ರು ಅವನ್ನೆಲ್ಲಾ ಓದಿ, ಗಾಲಿ ಅಲೈನ್‌ಮೆಂಟ್ ತೆಗೆಸಿ ನೋಡಿ, 2.60ಕ್ಕ ಒಯ್ದರು. ಅಪಘಾತದ ವಿಷಯ ಕರಾರುಪತ್ರದಾಗ ಬರೆಸೀನಿ. ಮಾಲಕರ ಹೆಸರು ಬದಲಿಸೋ ಫಾರಂ 29, 30 ಆರ್‌ಟಿಓಗೆ ಕೊಟ್ಟಾಗ್ಯಾದ, ಆರ್‌ಸಿ ಅವರ ಹೆಸರಿಗೆ ಬರೋದೊಂದು ಬಾಕಿ.