ವೈನಿ, ಗ್ಯಾಸ್ ತುಂಬಿಸುವ ಮುಂಚೆ ಔಟ್‌ಡೋರ್ ಸದ್ದು ಕೇಳಿ

ವೈನಿ, ನೀವು ಮನೆಯವರ ಗ್ರೂಪಿಗೆ ಹಾಕಿದ ಮೆಸೇಜ್, ವಿಡಿಯೊ ಎರಡೂ ನೋಡಿದೆ. ಕಲಬುರಗಿ ಮನೆ ಮೇಲಿನ ರೂಮಿನ ಎಸಿ ಹತ್ತು ನಿಮಿಷ ಓಡುತ್ತದೆ, ಆಮೇಲೆ ಅರ್ಧ ಗಂಟೆ ಬರೀ ಫ್ಯಾನ್ ಗಾಳಿ, ಮತ್ತೆ ತಾನೇ ಶುರು. ಮಧ್ಯಾಹ್ನ ಪೂರ್ತಿ ಇದೇ ಗೋಳು. ಮೆಕ್ಯಾನಿಕ್ ಬಂದು ಎಸಿಯೊಳಗಿನ ತಂಪು ಮಾಡುವ ಗ್ಯಾಸ್ ಖಾಲಿ ಆಗಿದೆ, ಮೂರು ಸಾವಿರ ಆಗುತ್ತೆ ಅಂದಿದ್ದಾರೆ. ಕೊಡಬೇಕಾ ಬೇಡವಾ ಅಂತ ಕೇಳಿದ್ದೀರಿ. ಸದ್ಯಕ್ಕೆ ಕೊಡಬೇಡಿ. ಯಾಕೆ ಅಂತ ನಿಧಾನವಾಗಿ ಹೇಳುತ್ತೇನೆ. ಮೆಸೇಜ್ ಉದ್ದ ಆಗುತ್ತೆ, ಪೂರ್ತಿ ಕೇಳಿ.

ಎಸಿ ಆನ್ ಆಫ್ ಆಗುವುದೇ ಒಂದು ರೋಗ ಅಲ್ಲ. ನಿಮ್ಮದು ವೇಗ ತಾನೇ ಹೆಚ್ಚುಕಡಿಮೆ ಮಾಡಿಕೊಳ್ಳುವ ಇನ್ವರ್ಟರ್ ಎಸಿ ಅಲ್ಲ, ಹಳೇ ಥರದ 1.5 ಟನ್ ಸ್ಪ್ಲಿಟ್. ಅದರ ಕಂಪ್ರೆಸರಿಗೆ, ಅಂದರೆ ಗ್ಯಾಸನ್ನು ಒತ್ತಿ ಸುತ್ತಿಸುವ ಮೋಟಾರ್ ಪಂಪಿಗೆ, ಗೊತ್ತಿರುವುದು ಎರಡೇ: ಪೂರ್ತಿ ಓಡುವುದು, ಪೂರ್ತಿ ನಿಲ್ಲುವುದು. ರೂಮ್ ನೀವು ಇಟ್ಟ ಡಿಗ್ರಿಗೆ ಬಂದರೆ ನಿಲ್ಲುತ್ತದೆ, ಸ್ವಲ್ಪ ಬಿಸಿಯಾದರೆ ಓಡುತ್ತದೆ. ಗಂಟೆಗೆ ಮೂರ್ನಾಲ್ಕು ಸಲ ಹೀಗಾದರೆ ಏನೂ ತೊಂದರೆ ಇಲ್ಲ. ಆದರೆ ರೂಮ್ ತಣ್ಣಗಾಗದೆ ನಿಲ್ಲುತ್ತಿದೆ ಅಂದರೆ, ನಿಲ್ಲಿಸುತ್ತಿರುವವರು ಬೇರೆ ಯಾರೋ ಇದ್ದಾರೆ. ಅದು ಯಾರು ಅಂತ ಹಿಡಿಯಬೇಕು. ನಿಲ್ಲುವ ಆ ಗಳಿಗೆಯಲ್ಲಿ ಔಟ್‌ಡೋರ್ (ಬಾಲ್ಕನಿಯಲ್ಲಿರುವ ಹೊರಗಿನ ಯೂನಿಟ್) ಪಕ್ಕದಲ್ಲಿ ನಿಂತು ಕಿವಿ ಕೊಟ್ಟರೆ ಅರ್ಧ ಉತ್ತರ ಅಲ್ಲೇ ಸಿಗುತ್ತದೆ.

ನಿಮ್ಮ ವಿಡಿಯೊದಲ್ಲಿ ನನಗೆ ಆ ಉತ್ತರ ಕೇಳಿಸಿತು. ಔಟ್‌ಡೋರ್ ಫ್ಯಾನ್ ತಿರುಗುತ್ತಿದೆ. ಆದರೆ ಕಂಪ್ರೆಸರಿನ ಆ ಭಾರದ ಗುಂಯ್ ಸದ್ದು ಇಲ್ಲವೇ ಇಲ್ಲ, ಬರೀ ರೆಕ್ಕೆ ಸದ್ದು. ಇದು ದೊಡ್ಡ ಸುಳಿವು. ಇಂಥ ಎಸಿಯಲ್ಲಿ ರೂಮಿನ ಬಿಸಿ ಅಳೆಯುವ ಥರ್ಮೋಸ್ಟಾಟ್ ನಿಲ್ಲಿಸಿದರೆ ಫ್ಯಾನ್, ಕಂಪ್ರೆಸರ್ ಎರಡೂ ಒಟ್ಟಿಗೇ ನಿಲ್ಲುತ್ತವೆ. ಫ್ಯಾನ್ ತಿರುಗುತ್ತಾ ಕಂಪ್ರೆಸರ್ ಮಾತ್ರ ಸುಮ್ಮನಾದರೆ ಅದು ಓವರ್‌ಲೋಡ್ ಟ್ರಿಪ್. ಕಂಪ್ರೆಸರ್ ತಲೆಯ ಮೇಲೋ ಒಳಗೋ ಒಂದು ಸಣ್ಣ ಓವರ್‌ಲೋಡ್ ಸ್ವಿಚ್ ಇರುತ್ತದೆ. ಮೋಟಾರ್ ಸುಡುವಷ್ಟು ಬಿಸಿಯಾದರೆ, ಇಲ್ಲವೇ ಕರೆಂಟ್ ಜಾಸ್ತಿ ಎಳೆದರೆ, ಅದು ತಾನೇ ಲೈನ್ ಕಟ್ ಮಾಡುತ್ತದೆ. ಕಂಪ್ರೆಸರ್ ಅಂದರೆ ಕಬ್ಬಿಣದ ದಪ್ಪ ಡಬ್ಬಿ, ಒಳಗೆ ಎಣ್ಣೆ ಬೇರೆ. ಅದು ತಣ್ಣಗಾಗಲು ಹೊತ್ತು ಹಿಡಿಯುತ್ತದೆ. ನೀವು ಹೇಳಿದ ಆ ಅರ್ಧ ಗಂಟೆ ಇದೇ. ಥರ್ಮೋಸ್ಟಾಟ್ ಆಗಿದ್ದರೆ ಇಷ್ಟು ಹೊತ್ತು ಸುಮ್ಮನೆ ಇರುತ್ತಿರಲಿಲ್ಲ, ರೂಮ್ ಬಿಸಿಯಾದ ಕೂಡಲೇ ಮತ್ತೆ ಓಡುತ್ತಿತ್ತು.

ಅದು ಯಾಕೆ ಅಷ್ಟು ಬಿಸಿಯಾಗುತ್ತಿದೆ? ವಿಡಿಯೊದಲ್ಲೇ ಇದೆ ವೈನಿ. ಬಿಸಿಲು ಬೀಳಬಾರದು ಅಂತ ಬಾಲ್ಕನಿಗೆ ಹಸಿರು ನೆಟ್ ಕಟ್ಟಿದ್ದೀರಿ. ಔಟ್‌ಡೋರಿನ ಮುಂದೆ, ಪಕ್ಕದಲ್ಲಿ, ಎಲ್ಲಾ ಕಡೆ. ಜೊತೆಗೆ ಮುಂದೆ ಒಂದು ದಪ್ಪ ಬೆಡ್‌ಶೀಟ್ ಒಣಗಲು ಹಾಕಿದೆ. ನಿಮ್ಮ ಕಾಳಜಿ ಸರಿಯೇ, ಕಲಬುರಗಿ ಬಿಸಿಲಿಗೆ ಏನಾದರೂ ಮರೆ ಬೇಕೇ ಬೇಕು. ಆದರೆ ಔಟ್‌ಡೋರ್ ಕೆಲಸವೇ ರೂಮಿನ ಶಾಖವನ್ನು ಹೊರಗೆ ಚೆಲ್ಲುವುದು. ಅದು ಹಿಂದಿನಿಂದ, ಪಕ್ಕದಿಂದ ಗಾಳಿ ಎಳೆದು ಮುಂದೆ ಬಿಸಿಗಾಳಿ ಬಿಡುತ್ತದೆ. ಮುಂದೆ ನೆಟ್, ಬೆಡ್‌ಶೀಟ್ ಇದ್ದರೆ ಆ ಬಿಸಿಗಾಳಿ ಹೊರಗೆ ಹೋಗದೆ ಸುತ್ತಿಕೊಂಡು ಮತ್ತೆ ಹಿಂದೆ ಬರುತ್ತದೆ. ಬಿಟ್ಟ ಬಿಸಿಯನ್ನೇ ಮತ್ತೆ ಎಳೆದುಕೊಳ್ಳುವುದು ಅಂದರೆ ಮೇ ತಿಂಗಳಲ್ಲಿ ಕಂಬಳಿ ಹೊದ್ದು ಓಡಿದ ಹಾಗೆ.

ಇನ್ನೊಂದು ವಿಷಯ. ಡಬ್ಬಿಯ ಮೇಲೆ 1.5 ಟನ್ ಅಂತ ಬರೆದಿರುತ್ತಾರಲ್ವಾ, ಅದು ತೂಕ ಅಲ್ಲ, ತಂಪು ಮಾಡುವ ಶಕ್ತಿ, ಹೊರಗೆ 35 ಡಿಗ್ರಿ ಇದ್ದಾಗ ಅಳೆದ ಲೆಕ್ಕ. ನಿಮ್ಮಲ್ಲಿ ಏಪ್ರಿಲ್, ಮೇ ಅಂದರೆ 40 ದಾಟಿರುತ್ತದೆ. ನೆಟ್ಟಿನ ಒಳಗೆ 50 ಮುಟ್ಟಿದರೂ ಆಶ್ಚರ್ಯ ಇಲ್ಲ. ಹೊರಗೆ ಬಿಸಿ ಏರಿದಷ್ಟೂ ತಂಪು ಕಡಿಮೆ, ಎಳೆಯುವ ಕರೆಂಟ್ ಜಾಸ್ತಿ. ಅಣ್ಣ ಬಿಲ್ ನೋಡಿ ಬೇಜಾರಾಗಿದ್ದಾನೆ ಅಂದಿರಲ್ಲ, ಅದಕ್ಕೂ ಇದೇ ಕಾರಣ ಇರಬೇಕು. ಕಂಪ್ರೆಸರ್ ಪ್ರತಿ ಸಲ ಶುರುವಾಗುವಾಗ ಓಡುವಾಗಿನದಕ್ಕಿಂತ ಎಷ್ಟೋ ಪಟ್ಟು ಕರೆಂಟ್ ಒಂದು ಕ್ಷಣ ಎಳೆಯುತ್ತದೆ. ಬಿಲ್ ಏರುವುದು ಆ ಒಂದು ಕ್ಷಣದಿಂದ ಅಲ್ಲ. ಆದರೆ ಮೋಟಾರಿನ ವೈಂಡಿಂಗಿಗೆ, ಅಂದರೆ ಒಳಗಿನ ತಂತಿ ಸುರುಳಿಗೆ, ಪ್ರತಿ ಸಲವೂ ಅದು ಏಟು. ನನಗೆ ಭಯ ಇರುವುದು ಬಿಲ್ಲಿನ ಬಗ್ಗೆ ಅಲ್ಲ, ಕಂಪ್ರೆಸರ್ ಹೋಗಿಬಿಟ್ಟರೆ ಅಂತ. ಅದು ಹೋದರೆ ಹೊಸ ಎಸಿಯ ಮಾತೇ ಬರುತ್ತದೆ.

ಈಗ ಗ್ಯಾಸ್ ವಿಷಯ. ಗ್ಯಾಸ್ ಪೆಟ್ರೋಲ್ ಥರ ಖರ್ಚಾಗುವುದಿಲ್ಲ. ಪೈಪಿನೊಳಗೆ ಸೀಲ್ ಆಗಿ ಅದೇ ಗ್ಯಾಸ್ ಸುತ್ತುತ್ತಿರುತ್ತದೆ. ಕಡಿಮೆಯಾಗಿದೆ ಅಂದರೆ ಎಲ್ಲೋ ಲೀಕ್ ಇದೆ. ಲೀಕ್ ಹುಡುಕದೆ ತುಂಬಿಸಿದರೆ ಮುಂದಿನ ಬೇಸಿಗೆಗೆ ಮತ್ತೆ ಅದೇ ಕಥೆ. ಗ್ಯಾಸ್ ಕಡಿಮೆಯಾದರೂ ಕಂಪ್ರೆಸರ್ ಬಿಸಿಯಾಗುತ್ತದೆ, ಅದು ನಿಜ. ಯಾಕೆಂದರೆ ತಣ್ಣಗೆ ವಾಪಸ್ ಬರುವ ಗ್ಯಾಸೇ ಮೋಟಾರನ್ನು ತಂಪಾಗಿಡುವುದು. ಹಾಗಾಗಿ ಮೆಕ್ಯಾನಿಕ್ ಹೇಳಿದ್ದು ಪೂರ್ತಿ ಸುಳ್ಳು ಅಂತ ನಾನು ಹೇಳುವುದಿಲ್ಲ. ಆದರೆ ನೀವೇ ಬರೆದಿದ್ದೀರಿ: ರಾತ್ರಿ ಹನ್ನೆರಡರ ಮೇಲೆ ಚೆನ್ನಾಗಿ ಓಡುತ್ತದೆ, ಬೆಳಗಿನ ಜಾವ ಹೊದಿಕೆ ಬೇಕಾಗುತ್ತದೆ ಅಂತ. ಗ್ಯಾಸ್ ಇಲ್ಲದ ಎಸಿ ರಾತ್ರಿಯೂ ಹಾಗೆ ತಣ್ಣಗೆ ಮಾಡುವುದಿಲ್ಲ. ಗ್ಯಾಸ್ ಕಡಿಮೆ ಇದ್ದರೆ ಇಂಡೋರ್ ಕಾಯಿಲಿನ (ಒಳಗಿನ ಯೂನಿಟ್ಟಿನ ತಣ್ಣನೆ ಪೈಪುಗಳ ಸಾಲು) ಒಂದು ಮೂಲೆಯಲ್ಲಿ ಮಾತ್ರ ಮಂಜು ಕಟ್ಟುತ್ತದೆ, ಉಳಿದ ಭಾಗ ಬೆಚ್ಚಗೇ ಇರುತ್ತದೆ. ಒಳಗಿನ ಯೂನಿಟ್ಟಿನ ಮುಚ್ಚಳ ಎತ್ತಿ ಫಿಲ್ಟರ್ ತೆಗೆದು ಟಾರ್ಚ್ ಬಿಟ್ಟರೆ ನಿಮಗೇ ಕಾಣುತ್ತದೆ.

ಆ ಫಿಲ್ಟರನ್ನೂ ತೊಳೆದುಬಿಡಿ. ಬೇಸಿಗೆಯಲ್ಲಿ ಹದಿನೈದು ದಿನಕ್ಕೊಮ್ಮೆ ನಲ್ಲಿ ಕೆಳಗೆ ಹಿಡಿದರೆ ಸಾಕು. ಅದು ಕಟ್ಟಿಕೊಂಡರೆ ಕಾಯಿಲ್ ಪೂರ್ತಿ ಐಸ್ ಆಗಿ, ಐಸಿನ ಸೆನ್ಸರ್ ಔಟ್‌ಡೋರನ್ನು ನಿಲ್ಲಿಸುತ್ತದೆ. ಆಮೇಲೆ ಗೋಡೆ ಮೇಲೆ ನೀರು ಸೋರುತ್ತದೆ. ನಿಮಗೆ ನೀರು ಸೋರುತ್ತಿಲ್ಲ, ಹಾಗಾಗಿ ಇದು ಮುಖ್ಯ ಕಾರಣ ಇರಲಿಕ್ಕಿಲ್ಲ.

ಇವತ್ತು ಸಂಜೆ ಬಿಸಿಲು ಇಳಿದ ಮೇಲೆ ಹೀಗೆ ಮಾಡಿ. ಮೊದಲು ನೆಟ್ ಬಿಚ್ಚಿ, ಬೆಡ್‌ಶೀಟ್ ಬೇರೆ ಕಡೆ ಹಾಕಿ. ನೆರಳು ಬೇಕಾದರೆ ಮೇಲಿನಿಂದ ಮಾತ್ರ ಕೊಡಿ, ಔಟ್‌ಡೋರಿನಿಂದ ಒಂದೆರಡು ಅಡಿ ಎತ್ತರದಲ್ಲಿ ಒಂದು ಶೀಟು ಸಾಕು. ಆಮೇಲೆ ಕರೆಂಟ್ ಬೋರ್ಡಿನಲ್ಲಿರುವ ಎಸಿಯ ಎಂಸಿಬಿ ಸ್ವಿಚ್ ಆಫ್ ಮಾಡಿ. ರಿಮೋಟಿನಲ್ಲಿ ಆಫ್ ಮಾಡಿದರೆ ಸಾಲದು. ಔಟ್‌ಡೋರಿನ ಹಿಂಭಾಗ ನೋಡಿ, ಗೋಡೆ ಕಡೆಯದು. ಮುಂದೆ ಎಷ್ಟು ಕ್ಲೀನ್ ಕಂಡರೂ ಹಿಂದೆ ತೆಳು ಅಲ್ಯೂಮಿನಿಯಂ ಪಟ್ಟಿಗಳ, ಅಂದರೆ ಫಿನ್ನುಗಳ, ಮೇಲೆ ಧೂಳು, ಬಟ್ಟೆಯ ನೂಲು, ಪಾರಿವಾಳದ ಪುಕ್ಕ ಸೇರಿ ಬೂದು ಬಣ್ಣದ ದಪ್ಪ ಪದರ ಕಟ್ಟಿರುತ್ತದೆ. ಬೆರಳಲ್ಲಿ ಎಳೆದರೆ ಚಾಪೆಯ ತುಂಡಿನಂತೆ ಕಿತ್ತು ಬರುತ್ತದೆ. ಮೆತ್ತನೆ ಬ್ರಷ್‌ನಿಂದ ಮೇಲಿಂದ ಕೆಳಗೆ ಉಜ್ಜಿ, ಅಡ್ಡ ಉಜ್ಜಿದರೆ ಫಿನ್ ಮಡಚುತ್ತವೆ. ಆಮೇಲೆ ಪೈಪಿನಲ್ಲಿ ನಿಧಾನವಾಗಿ ನೀರು ಬಿಡಿ, ಜೋರಾಗಿ ಹೊಡೆಯಬೇಡಿ. ವೈರ್ ಸೇರುವ ಪಕ್ಕಕ್ಕೆ ನೀರು ಬೀಳಬಾರದು. ಬಾಲ್ಕನಿಯಿಂದ ಹೊರಗೆ ಬಗ್ಗಿ ಮಾಡಬೇಕಾದ ಜಾಗ ಇದ್ದರೆ ನೀವು ಹೋಗಲೇಬೇಡಿ, ಅಣ್ಣನನ್ನೂ ಬಿಡಬೇಡಿ. ಸರ್ವೀಸಿನವರನ್ನು ಕರೆದು ಔಟ್‌ಡೋರ್ ವಾಟರ್ ವಾಶ್ ಅಂತಲೇ ಕೇಳಿ.

ಇಷ್ಟಾದ ಮೇಲೂ ನಾಳೆ ಮಧ್ಯಾಹ್ನ ಟ್ರಿಪ್ ಆದರೆ ಎರಡು ಅನುಮಾನ ಉಳಿಯುತ್ತವೆ. ಒಂದು ವೋಲ್ಟೇಜ್. ಕಂಪ್ರೆಸರ್ ಓಡುತ್ತಿರುವಾಗಲೇ ಸ್ಟೆಬಿಲೈಜರ್ ಮೇಲಿನ ಔಟ್‌ಪುಟ್ ನಂಬರ್ ನೋಡಿ. 220, 230ರ ಹತ್ತಿರ ಇದ್ದರೆ ಸರಿ. ತುಂಬಾ ಕೆಳಗೆ ಇಳಿದರೆ ಮೋಟಾರ್ ಕರೆಂಟ್ ಜಾಸ್ತಿ ಎಳೆದು ಬಿಸಿಯಾಗುತ್ತದೆ. ಇನ್ನೊಂದು ಕೆಪಾಸಿಟರ್, ಮೋಟಾರ್ ಶುರುವಾಗಲು ಒತ್ತು ಕೊಡುವ ಸಣ್ಣ ಬಿಡಿಭಾಗ. ಅದು ಸೊರಗಿದ್ದರೆ ಕಂಪ್ರೆಸರ್ ಶುರುವಾಗಲು ಒದ್ದಾಡುತ್ತದೆ, ಗುಂಯ್ ಅಂದು ಕೆಲವೇ ಸೆಕೆಂಡಿಗೆ ಟಕ್ ಅಂತ ಕಟ್ ಆಗುತ್ತದೆ. ಕೆಲವು ನೂರು ರೂಪಾಯಿಯ ಸಾಮಾನು ಅದು. ಆದರೆ ಸ್ವಿಚ್ ಆಫ್ ಮಾಡಿದ ಮೇಲೂ ಅದರಲ್ಲಿ ಕರೆಂಟ್ ಉಳಿದಿರುತ್ತದೆ. ಅದು ಇರುವ ಔಟ್‌ಡೋರಿನ ಮುಚ್ಚಳ ಮಾತ್ರ ಯಾರೂ ತೆಗೆಯಬೇಡಿ, ಮೆಕ್ಯಾನಿಕ್ ಮೀಟರ್ ಹಿಡಿದು ನೋಡಲಿ.

ಎಸಿ ನಿಂತಾಗ ಗಾಬರಿಯಿಂದ ಆಫ್ ಮಾಡಿ ಆನ್ ಮಾಡಿ ಮಾಡುವುದು ಬೇಡ. ನಿಂತ ಮೇಲೆ ಪೈಪಿನ ಎರಡು ಕಡೆಯ ಪ್ರೆಶರ್ ಸಮ ಆಗಲು ಮೂರು ನಿಮಿಷ ಬೇಕು. 18ಕ್ಕೆ ಇಡುವುದೂ ಬೇಡ. ನಿಮ್ಮ ಎಸಿಯಲ್ಲಿ 18 ಅಂದರೆ ಬೇಗ ತಣ್ಣಗೆ ಅಂತ ಅಲ್ಲ, ನಿಲ್ಲದೆ ಓಡು ಅಂತ ಅರ್ಥ. 2020ರಿಂದ ಹೊಸ ಎಸಿಗಳು ಆನ್ ಮಾಡಿದರೆ 24ರಲ್ಲೇ ಶುರುವಾಗಬೇಕು ಅಂತ ಸರ್ಕಾರದ ನಿಯಮವೇ ಇದೆ. ನೀವೂ 25, 26ಕ್ಕೆ ಇಟ್ಟು ಮೇಲಿನ ಫ್ಯಾನ್ ಹಾಕಿ.

ಅಕ್ಕ, ನೀನೂ ಗ್ರೂಪಿನಲ್ಲಿ ವೈನಿ ಮೆಸೇಜಿನ ಕೆಳಗೆ ‘ನಮ್ಮದೂ ಹೀಗೇ’ ಅಂತ ಬರೆದಿದ್ದೀಯ. ನಿನ್ನದು ಬೇರೆ. ಮಂಗಳೂರಿನ ನಿನ್ನ ರೂಮ್ ನೂರಿಪ್ಪತ್ತು ಚದರಡಿ ಇರಬಹುದು, ಎಸಿ 2 ಟನ್. ಅಷ್ಟಕ್ಕೆ 1 ಟನ್ ಸಾಕಾಗಿತ್ತು. ಐದು ನಿಮಿಷದಲ್ಲಿ ಗಾಳಿ ತಣ್ಣಗಾಗಿ ಕಂಪ್ರೆಸರ್ ನಿಲ್ಲುತ್ತದೆ, ತೇವ ಎಳೆಯಲು ಅದಕ್ಕೆ ಸಮಯವೇ ಸಿಗುವುದಿಲ್ಲ. ನಿಂತ ಮೇಲೆ ಒಳಗಿನ ಫ್ಯಾನ್ ಕಾಯಿಲ್ ಮೇಲಿನ ನೀರನ್ನು ಮತ್ತೆ ರೂಮಿಗೇ ಹರಡುತ್ತದೆ. ಅದಕ್ಕೇ ತಣ್ಣಗಿದ್ದರೂ ಮೈ ಜಿಗುಟು. ಫ್ಯಾನ್ ಸ್ಪೀಡ್ ಕಡಿಮೆ ಇಡು, ಡ್ರೈ ಮೋಡ್ ಹಾಕಿ ನೋಡು. ಎಸಿಗೆ ತಾಗುವಂತೆ ಪರದೆ ಇದ್ದರೆ ಸರಿಸು, ತಣ್ಣನೆ ಗಾಳಿ ಅಲ್ಲೇ ತಿರುಗಿ ಸೆನ್ಸರಿಗೆ ಹೊಡೆದರೆ ಇನ್ನೂ ಬೇಗ ನಿಲ್ಲುತ್ತದೆ. ಮುಂದೆ ಬದಲಾಯಿಸುವಾಗ ಚಿಕ್ಕದು, ಇನ್ವರ್ಟರ್ ತಗೋ. ಅಂಗಡಿಯವರು ದೊಡ್ಡದೇ ಒಳ್ಳೆಯದು ಅಂದರೂ ಕೇಳಬೇಡ.

ವೈನಿ, ನಾಳೆ ಎರಡು ಗಂಟೆ ಹೊತ್ತಿಗೆ ಇನ್ನೊಂದು ವಿಡಿಯೊ ಕಳಿಸಿ. ಔಟ್‌ಡೋರ್ ಸದ್ದು ಇರಲಿ, ಸ್ಟೆಬಿಲೈಜರ್ ನಂಬರೂ ಕಾಣಲಿ. ಮೆಕ್ಯಾನಿಕ್ ಮತ್ತೆ ಬಂದು ಗ್ಯಾಸ್ ಅಂತಲೇ ಹೇಳಿದರೆ ಮೊದಲು ಲೀಕ್ ತೋರಿಸಿ ಅನ್ನಿ, ಪೈಪಿನ ಜಾಯಿಂಟಿಗೆ ಸೋಪಿನ ನೊರೆ ಹಚ್ಚಿದರೆ ಗುಳ್ಳೆ ಕಾಣಬೇಕು. ಲೀಕ್ ಇದ್ದರೆ ಸರಿಮಾಡಿ, ವ್ಯಾಕ್ಯೂಮ್ ಮಾಡಿ (ಪೈಪಿನೊಳಗಿನ ಗಾಳಿ, ತೇವ ಎಳೆದು ತೆಗೆದು), ಗ್ಯಾಸನ್ನು ತೂಕ ಹಾಕಿ ತುಂಬಿಸಲಿ, ಆಗ ದುಡ್ಡು ಕೊಡುವುದರಲ್ಲಿ ತಪ್ಪಿಲ್ಲ. ಅವರು ವಾದ ಮಾಡಿದರೆ ಫೋನ್ ಅವರ ಕೈಗೇ ಕೊಡಿ, ನಾನು ಮಾತಾಡುತ್ತೇನೆ.