ಅಕ್ಕಾ, ಕ್ಯಾಂಪಿನ ಒಂದು ದಿನ ಹೇಗಿರುತ್ತದೆ ಅಂದರೆ

ಅಕ್ಕಾ, ಟೈಪ್ ಮಾಡುತ್ತಾ ಕೂತರೆ ನಾಳೆ ಬೆಳಗಾಗುತ್ತದೆ, ಅದಕ್ಕೆ ಮಾತಾಡಿಯೇ ಕಳಿಸುತ್ತಿದ್ದೇನೆ. ಉದ್ದ ಆಯಿತು ಅಂತ ಗ್ರೂಪಿನಲ್ಲಿ ಯಾರೂ ಬೈಯಬೇಡಿ. ದಸರಾ ರಜೆಯಲ್ಲಿ ನಮ್ಮ ಚರ್ಚಿನವರು ಮಾಡುವ ಯೂತ್ ಕ್ಯಾಂಪಿನ ಪೋಸ್ಟರ್ ನೋಡಿ ನೀನು ಎರಡು ಪ್ರಶ್ನೆ ಕೇಳಿದ್ದೀಯ. ಮೂರು ದಿನವೂ ಬರೀ ಪ್ರಾರ್ಥನೆಯಾ? ಮಗನಿಗೆ ಕನ್ನಡ ಓದಲು ಬರುವುದಿಲ್ಲ, ಅಲ್ಲಿ ಪೆದ್ದನ ಹಾಗೆ ಕೂರುತ್ತಾನಾ? ಅದಕ್ಕೆ ದೊಡ್ಡಪ್ಪ "ಕಳಿಸು, ದೇವರು ನೋಡಿಕೊಳ್ಳುತ್ತಾನೆ" ಅಂತ ಹಾಕಿದ್ದಾರೆ. ದೊಡ್ಡಪ್ಪಾ, ಸಿಟ್ಟಾಗಬೇಡಿ, ದೇವರು ನೋಡಿಕೊಳ್ಳುತ್ತಾನೆ ನಿಜ, ಆದರೆ ಅಕ್ಕ ಕೇಳಿದ್ದು ಟೈಮ್‌ಟೇಬಲ್! ಹೋದ ವರ್ಷ ನಾನು ಅಡುಗೆ ಕೆಲಸಕ್ಕೂ ಇದ್ದೆ, ಒಂದು ಗುಂಪಿಗೆ ಲೀಡರೂ ಆಗಿದ್ದೆ. ಅದರ ಎರಡನೇ ದಿನ ಹೇಗಿತ್ತು ಅಂತ ಹೇಳುತ್ತೇನೆ, ನೀನೇ ತೀರ್ಮಾನ ಮಾಡು.

ಬೆಳಿಗ್ಗೆ ಆರಕ್ಕೆ ಗಂಟೆ. ಏಳುವುದು ಆರೂವರೆಗೆ. ಆಮೇಲೆ ಇಪ್ಪತ್ತು ನಿಮಿಷ ಒಬ್ಬೊಬ್ಬರೇ ಎಲ್ಲಾದರೂ ಕೂತು ಬೈಬಲ್ಲಿನ ಒಂದು ಕೀರ್ತನೆ ಓದಬೇಕು, ಯಾರ ಹತ್ತಿರವೂ ಮಾತಿಲ್ಲ. ಕೆಂಪು ಕಲ್ಲಿನ ಮೆಟ್ಟಿಲ ಮೇಲೆ ಅರ್ಧ ಹುಡುಗರು ಕೂತೇ ನಿದ್ದೆ ಮಾಡುತ್ತಿದ್ದರು. ನಾನೂ ಮಾಡಿದ್ದೇನೆ ಆ ವಯಸ್ಸಿನಲ್ಲಿ. ತಿಂಡಿಗೆ ಸಜ್ಜಿಗೆ ಬಜಿಲ್. ಬೆಂಗಳೂರಿನಿಂದ ಬಂದವರು ಉಪ್ಪಿಟ್ಟಿನ ಜೊತೆ ಅವಲಕ್ಕಿ ಕಲಸಿದ್ದನ್ನು ನೋಡಿ ಮುಖ ಮುಖ ನೋಡಿಕೊಂಡರು. ಎರಡನೇ ಸಲ ತಟ್ಟೆ ಹಿಡಿದು ಬಂದವರೂ ಅವರೇ.

ಆಮೇಲೆ ಆರಾಧನೆ. ಇಲ್ಲಿಯೇ ನಿನ್ನ ಮಗನ ವಿಷಯ ಬರುವುದು, ಸ್ವಲ್ಪ ಕೇಳು. ಗಿಟಾರ್, ಕೀಬೋರ್ಡ್, ಮೇಲೆ ಕೂತು ಬಾರಿಸುವ ಮರದ ಪೆಟ್ಟಿಗೆ ಕಹೋನ್, ಎಲ್ಲ ಹುಡುಗರದೇ. ಹಾಡು ಪ್ರೊಜೆಕ್ಟರಿನಲ್ಲಿ. ಹಾಡು ಕನ್ನಡ, ಅಕ್ಷರ ಮಾತ್ರ ಇಂಗ್ಲಿಷ್. ಅಂದರೆ ನಿನ್ನ ಮಗ ಒಬ್ಬನೇ ಅಲ್ಲ ಅಕ್ಕಾ, ಅರ್ಧ ಹಾಲ್ ಹಾಗೆಯೇ ಇದೆ. ನಮ್ಮ ಕಡೆ ಮನೆಯಲ್ಲಿ ತುಳು, ಶಾಲೆಯಲ್ಲಿ ಇಂಗ್ಲಿಷ್, ಕನ್ನಡ ಅಂದರೆ ಭಾನುವಾರ ಚರ್ಚಿನಲ್ಲಿ ಮಾತ್ರ ಅನ್ನುವ ಹಾಗಾಗಿದೆ. ಅವತ್ತು ಒಂದು ಸಾಲು ಬಂತು, "ಕರ್ತನೇ, ನಿನಗಾಗಿ ಕಾದಿರುವೆ" ಅಂತ. ಇಂಗ್ಲಿಷಿನಲ್ಲಿ ಬರೆದರೆ ದಕ್ಕೂ ಡಕ್ಕೂ ಒಂದೇ ಅಕ್ಷರ ಅಲ್ವಾ? ಮುಂದಿನ ಸಾಲಿನವರು ಕಣ್ಣು ಮುಚ್ಚಿ, ಕೈ ಎತ್ತಿ, ಭಕ್ತಿಯಿಂದ "ಕರ್ತನೇ, ನಿನಗಾಗಿ ಕಾಡಿರುವೆ" ಅಂತ ಹಾಡಿದರು. ಒಂದು ಸಲ ಅಲ್ಲ, ನಾಲ್ಕು ಸಲ! ಅಡುಗೆಮನೆ ಬಾಗಿಲಲ್ಲಿ ತೆಂಗಿನಕಾಯಿ ತುರಿಯುತ್ತಿದ್ದ ಆಂಟಿ, "ಕಾಡಿರುವುದು ಸುಳ್ಳೇನಲ್ಲ, ಹಾಡಲಿ ಬಿಡಿ" ಅಂದರು.

ಸಭಾಪಾಲಕರು, ಅಂದರೆ ನಮ್ಮ ಪಾಸ್ಟರ್, ಬೈಯಲಿಲ್ಲ, ಹಾಡು ನಿಲ್ಲಿಸಿದರು. ಬೋರ್ಡಿನ ಮೇಲೆ ಒಂದು ಕಡೆ ದ, ಒಂದು ಕಡೆ ಡ ಬರೆದರು. ಮುಂಬೈ ಕನ್ನಡ ಸಭೆಯಿಂದ ಬಂದ ಒಂದು ಹುಡುಗಿ, ಅವಳಿಗೆ ಹಿಂದಿ ಚೆನ್ನಾಗಿ ಗೊತ್ತು, ಎದ್ದು ನಿಂತು "ದವಾಯಿಯ ದ, ಡಬ್ಬಾದ ಡ" ಅಂದಳು. ಎಲ್ಲರಿಗೂ ಒಂದೇ ಏಟಿಗೆ ಹೊಳೆಯಿತು. ಆಮೇಲೆ ಸಭಾಪಾಲಕರು ಹೇಳಿದ್ದು ಎರಡೇ ನಿಮಿಷ. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಷನ್ ಅನ್ನುವ ಕ್ರೈಸ್ತ ಸಂಸ್ಥೆಯವರಿಗೆ ಇಲ್ಲಿನ ಒಂದಕ್ಷರವೂ ಗೊತ್ತಿರಲಿಲ್ಲ. 1843ರಲ್ಲಿ ಅವರೇ 'ಮಂಗಳೂರ ಸಮಾಚಾರ' ಪತ್ರಿಕೆ ತಂದರು. 1894ರಲ್ಲಿ ಅದೇ ಮಿಷನ್ನಿನ ಕಿಟ್ಟೆಲ್ ಅವರ ಕನ್ನಡ-ಇಂಗ್ಲಿಷ್ ನಿಘಂಟು ಇದೇ ಮಂಗಳೂರಿನಿಂದ ಹೊರಬಂತು. "ಜರ್ಮನಿಯಿಂದ ಬಂದವರಿಗೆ ದ, ಡ ಬಂತು, ನಿಮಗೆ ಮೂರು ದಿನ ಸಾಕು" ಅಂದರು. ನಿನ್ನ ಮಗ ಬೆಂಗಳೂರಿನ ಎಂಜಿ ರೋಡಿನಲ್ಲಿ ಮೇಯೋ ಹಾಲ್ ಹತ್ತಿರದ ಕಿಟ್ಟೆಲ್ ಪ್ರತಿಮೆ ನೋಡಿರುತ್ತಾನೆ, ಯಾರದು ಅಂತ ಕೇಳು, ಏನು ಹೇಳುತ್ತಾನೆ ನೋಡೋಣ.

ತಾಳು, ಕುಕ್ಕರ್ ಕೂಗುತ್ತಿದೆ. ...ಹಾಂ. ಎಲ್ಲಿದ್ದೆ?

ಬೈಬಲ್ ಸ್ಟಡಿ. ಫೋನ್ ಎಲ್ಲ ಮೊದಲ ದಿನವೇ ಒಂದು ಡಬ್ಬಿಗೆ ಹಾಕಿಸಿ ಬೀಗ ಹಾಕಿದ್ದೆವು, ಹಾಗಾಗಿ ಪುಸ್ತಕ ಬಿಡಿಸಲೇಬೇಕು. ಲೂಕನ ಸುವಾರ್ತೆಯ 24ನೇ ಅಧ್ಯಾಯ, ಎಮ್ಮಾಹು ಅನ್ನುವ ಊರಿನ ದಾರಿಯ ಕಥೆ. ಒಂದು ವಚನ ಕನ್ನಡದಲ್ಲಿ, ಮುಂದಿನದು ಇಂಗ್ಲಿಷಿನಲ್ಲಿ, ಹೀಗೆ ಜೋಡಿ ಜೋಡಿಯಾಗಿ ಓದಿಸಿದೆವು. ಇಬ್ಬರು ಶಿಷ್ಯರು ಯೆರೂಸಲೇಮು ಬಿಟ್ಟು ಸುಮಾರು 11 ಕಿಲೋಮೀಟರ್ ನಡೆಯುತ್ತಾರೆ, ಯೇಸು ಸತ್ತ, ಎಲ್ಲ ಮುಗಿಯಿತು ಅಂತ ಮಾತಾಡಿಕೊಂಡು. ಜೊತೆಗೆ ಯಾರೋ ಬಂದು ಸೇರುತ್ತಾನೆ, ಅವನು ಯಾರು ಅಂತ ಇವರಿಗೆ ಗೊತ್ತಾಗುವುದಿಲ್ಲ. ಒಬ್ಬ ಹುಡುಗ ಕೇಳಿದ, "ಒಬ್ಬ ಕ್ಲೆಯೊಫ, ಇನ್ನೊಬ್ಬನ ಹೆಸರೇನು?" ಅಂತ. ಬೈಬಲ್ಲಿನಲ್ಲಿ ಹೆಸರಿಲ್ಲ. ನಲವತ್ತು ವರ್ಷದಿಂದ ಈ ಕಥೆ ಕೇಳುತ್ತಿದ್ದೇನೆ, ನನಗೆ ಆ ಪ್ರಶ್ನೆ ಒಂದು ಸಲವೂ ಬಂದಿರಲಿಲ್ಲ.

ಆಟದ ಬಗ್ಗೆ ಜಾಸ್ತಿ ಹೇಳುವುದಿಲ್ಲ. ತ್ರೋಬಾಲ್, ಹಗ್ಗ ಜಗ್ಗಾಟ, ಪಾಯಿಂಟಿಗೆ ಜಗಳ, ಅಂಪೈರ್ ಆಗಿದ್ದವನಿಗೆ ಬೈಗುಳ. ಮಧ್ಯಾಹ್ನ ಬಂಗುಡೆ ಸಾರು ಉಂಡ ಮೇಲೆ ಇಡೀ ಕ್ಯಾಂಪ್ ಗೊರಕೆ.

ನಾಲ್ಕು ಗಂಟೆಗೆ ನಡಿಗೆ. ಬೆಳಿಗ್ಗೆ ಜೊತೆಗೆ ಓದಿದ ಜೋಡಿಯೇ ಸಮುದ್ರದವರೆಗೆ ನಡೆದು ಹೋಗಿ ಬರಬೇಕು, ಒಂದು ಕಡೆಗೆ ಮೂರು ಕಿಲೋಮೀಟರ್. ಹೋಗುವಾಗ ಒಬ್ಬ ಮಾತಾಡಬೇಕು, ಇನ್ನೊಬ್ಬ ಕೇಳಬೇಕು. ಬರುವಾಗ ಅದಲು ಬದಲು. ದಾರಿಯಲ್ಲಿ ಎಲ್ಲೂ ಏನೂ ತಿನ್ನಬಾರದು. ನನ್ನ ಗುಂಪಿನಲ್ಲಿ ಒಬ್ಬ ಬೆಂಗಳೂರಿನವನು, ಒಬ್ಬ ಇಲ್ಲೇ ಹಳ್ಳಿಯವನು. ಒಬ್ಬನಿಗೆ ಕನ್ನಡ ತೊದಲು, ಇನ್ನೊಬ್ಬನಿಗೆ ಇಂಗ್ಲಿಷ್ ಅಂದರೆ ನಾಚಿಕೆ. ಎಲ್ಲರೂ ಬಂದರು, ಇವರಿಬ್ಬರು ಇಲ್ಲ. ಗುಡುಗು ಶುರುವಾಗಿತ್ತು, ನನಗೆ ಹೊಟ್ಟೆಯಲ್ಲಿ ಕಿವುಚಿದ ಹಾಗೆ. ಟಾರ್ಚ್ ಹಿಡಿದು ಗೇಟಿಗೆ ಹೋದರೆ ಬರುತ್ತಿದ್ದಾರೆ, ನೆನೆದುಕೊಂಡು, ಒಂದೇ ಚರ್ಮುರಿ ಪೊಟ್ಟಣಕ್ಕೆ ಇಬ್ಬರೂ ಕೈ ಹಾಕಿಕೊಂಡು! ದುಡ್ಡು ಎಲ್ಲಿತ್ತು ಅಂತ ಕೇಳಿದೆ. ಬೆಂಗಳೂರಿನವನ ಹತ್ತಿರ ಒಂದು ರೂಪಾಯಿಯೂ ಇಲ್ಲ, ಅವನ ದುಡ್ಡೆಲ್ಲ ಡಬ್ಬಿಯಲ್ಲಿದ್ದ ಫೋನಿನೊಳಗೆ. ಹಳ್ಳಿಯವನಿಗೆ ಅಜ್ಜಿ ಐವತ್ತರ ನೋಟು ಮಡಚಿ ಕೊಟ್ಟಿದ್ದರಂತೆ. ಬೈಯಬೇಕು ಅಂತಲೇ ಹೋಗಿದ್ದೆ. ಆದರೆ ಎಮ್ಮಾಹುವಿಗೆ ಹೊರಟ ಶಿಷ್ಯರಿಗೆ ಜೊತೆಗೆ ಬಂದವನು ಯೇಸುವೇ ಅಂತ ಗುರುತು ಸಿಕ್ಕಿದ್ದು ಅವನು ರೊಟ್ಟಿ ಮುರಿದಾಗ, ಇವರಿಗೆ ಚರ್ಮುರಿಯಲ್ಲಿ, ನಾನೇನು ಹೇಳಲಿ? ದಾರಿಯಲ್ಲಿ ಏನು ಮಾತಾಡಿದರು ಅಂತ ಕೇಳಲಿಲ್ಲ. ಮೊದಲು ತಲೆ ಒರೆಸಿಕೊಳ್ಳಿ ಅಂತ ಟವೆಲ್ ಕೊಟ್ಟೆ.

ಇನ್ನು ನನಗೆ ಹಿಡಿಸದ್ದನ್ನೂ ಹೇಳುತ್ತೇನೆ, ಆಮೇಲೆ ನೀನು ಮುಚ್ಚಿಟ್ಟೆ ಅನ್ನಬಾರದು. ಮಳೆಗೆ ಕ್ಯಾಂಪ್‌ಫೈರ್ ಹೋಯಿತು. ರಾತ್ರಿ ಕೂಟದಲ್ಲಿ ಹೊರಗಿನಿಂದ ಬಂದ ಬೋಧಕರು ಒಂದೂವರೆ ಗಂಟೆ ಮಾತಾಡಿದರು. ಒಂಬತ್ತೂವರೆಗೆ ಲೈಟ್ ಕಮ್ಮಿ ಮಾಡಿ, ಕೀಬೋರ್ಡ್ ಮೆಲ್ಲಗೆ ಬಾರಿಸುತ್ತಾ, "ಯಾರು ಕರ್ತನಿಗೆ ಒಪ್ಪಿಸಿಕೊಡುತ್ತೀರಿ, ಕೈ ಎತ್ತಿ" ಅಂದರು. ಬೆಳಿಗ್ಗೆಯಿಂದ ಓಡಿ ಸುಸ್ತಾದ ಮಕ್ಕಳು. ಒಬ್ಬಳು ಅತ್ತಳು, ಪಕ್ಕದವಳೂ ಅತ್ತಳು, ಹತ್ತು ಕೈ ಒಟ್ಟಿಗೆ ಮೇಲೆ ಹೋಯಿತು. ಕೆಲವರಿಗೆ ನಿಜವಾಗಿಯೂ ಮನಸ್ಸು ಮುಟ್ಟಿರಬಹುದು, ನಾನು ಇಲ್ಲ ಅನ್ನುವುದಿಲ್ಲ. ಆದರೆ ಅಂಥ ಮಾತನ್ನು ಹೊಟ್ಟೆ ತುಂಬಿ, ನಿದ್ದೆ ಆಗಿ, ಬೆಳಕಿನಲ್ಲಿ ಕೇಳಬೇಕು ಅನ್ನುವುದು ನನ್ನ ಹಟ. ಕಮಿಟಿಯಲ್ಲಿ ಹೇಳಿದೆ, ಎರಡು ಮೀಟಿಂಗ್ ಜಗಳವೂ ಆಯಿತು. ಈ ವರ್ಷ ಅದನ್ನು ಕೊನೆಯ ದಿನ ಬೆಳಿಗ್ಗೆಗೆ ಹಾಕಿದ್ದಾರೆ.

ಹಾಗಾಗಿ ಅಕ್ಕಾ, ಬರೀ ಪ್ರಾರ್ಥನೆ ಅಲ್ಲ, ಬರೀ ಆಟವೂ ಅಲ್ಲ. ಪಾತ್ರೆ ತೊಳೆಯುವ ಸರದಿಯೂ ಇದೆ, ಅದನ್ನು ಈಗಲೇ ಅವನಿಗೆ ಹೇಳಿಬಿಡು. ಕನ್ನಡ ಓದಲು ಬರದವರನ್ನು ಬರುವವರ ಜೊತೆಗೇ ಹಾಕುತ್ತೇವೆ. ಒಂದು ಸ್ಟೀಲ್ ತಟ್ಟೆ, ಲೋಟ, ಬೆಡ್‌ಶೀಟ್, ಟಾರ್ಚ್, ಕೊಡೆ, ಸೊಳ್ಳೆಗೆ ಹಚ್ಚುವ ಕ್ರೀಮ್ ಕಳಿಸು. ಇಂಗ್ಲಿಷ್ ಬೈಬಲ್ ಅವನದೇ ತರಲಿ, ಕನ್ನಡದ್ದು ನಾನು ಕೊಡುತ್ತೇನೆ, ಅಮ್ಮನದು ನನ್ನ ಹತ್ತಿರವೇ ಇದೆ, ಅಕ್ಷರ ದೊಡ್ಡದು. ನೂರು ರೂಪಾಯಿ ಚಿಲ್ಲರೆ ನೋಟೂ ಕೊಟ್ಟು ಕಳಿಸು. ಚರ್ಮುರಿ ತಿನ್ನಬಾರದು ಅನ್ನುವ ನಿಯಮ ಈ ವರ್ಷವೂ ಇದೆ. ಬಸ್ ಟಿಕೆಟ್ ಆದ ಮೇಲೆ ಎಷ್ಟು ಗಂಟೆಗೆ ಇಳಿಯುತ್ತಾನೆ ಅಂತ ಹಾಕು, ನಾನು ಸ್ಕೂಟರ್ ತೆಗೆದುಕೊಂಡು ಬರುತ್ತೇನೆ.