‘ಭೂಆವೃತ’, ‘ಭೂಬಂಧಿತ’, ‘ಕಡಲಿಲ್ಲದ’: ನೇಪಾಳದ ಬಗ್ಗೆ ಬರೆಯುವಾಗ ಯಾವುದು ಒಪ್ಪುತ್ತದೆ?

ಬಲ್ಲವರಿಗೆ ನಮಸ್ಕಾರ.

ಪ್ರೌಢಶಾಲೆಯ ಮಕ್ಕಳಿಗಾಗಿ ನೇಪಾಳವನ್ನು ಕುರಿತ ಲೇಖನವೊಂದನ್ನು ಬರೆಯಲು ಕುಳಿತು, ಮೊದಲ ವಾಕ್ಯದಲ್ಲಿಯೇ ಸಿಕ್ಕಿಕೊಂಡಿದ್ದೇನೆ. ಸುತ್ತಲೂ ಬೇರೆ ದೇಶಗಳ ನೆಲವೇ ಇದ್ದು ಕಡಲತೀರವಿಲ್ಲದ ದೇಶವನ್ನು ಹೇಳುವ ‘ಲ್ಯಾಂಡ್‌ಲಾಕ್ಡ್’ ಎಂಬ ಇಂಗ್ಲಿಷ್ ಪದಕ್ಕೆ ‘ಭೂಆವೃತ’ ಎಂಬುದು ನಮ್ಮಲ್ಲಿ ಹೆಚ್ಚು ಬಳಕೆಯಲ್ಲಿದೆ. ಕೆಲವರು ‘ಭೂಬಂಧಿತ’ ಎಂದು ಬರೆಯುತ್ತಾರೆ. ಎರಡೂ ನನಗೆ ಒಪ್ಪಿಗೆಯಾಗುತ್ತಿಲ್ಲ. ಏಕೆಂದು ಹೇಳುತ್ತೇನೆ, ತಪ್ಪಿದ್ದರೆ ತಿದ್ದಬೇಕು.

‘ಎಲ್ಲ ಕಡೆ ನೀರಿನಿಂದ ಆವೃತವಾದ ಭೂಭಾಗವೇ ದ್ವೀಪ’ ಎಂದು ಬಾಯಿಪಾಠ ಮಾಡಿ ಬೆಳೆದವರಿಗೆ ‘ಭೂಆವೃತ’ ಸಹಜವಾಗಿಯೇ ಹೊಳೆದಿರಬೇಕು. ಆದರೆ ‘ಆವೃತ’ವು ಸಮಾಸದ ಕೊನೆಯಲ್ಲಿ ಬಂದಾಗ ಇಂದಿನ ಕನ್ನಡದಲ್ಲಿ ‘ಸುತ್ತುವರಿದ’ ಎನ್ನುವುದಕ್ಕಿಂತ ‘ಮುಚ್ಚಿದ’ ಎಂಬ ಅರ್ಥವನ್ನೇ ಹೆಚ್ಚಾಗಿ ಕೊಡುತ್ತದೆ. ಹಿಮಾವೃತ ಶಿಖರವೆಂದರೆ ಹಿಮ ಮುಚ್ಚಿದ ಶಿಖರ. ಮಳೆಗಾಲದ ಪತ್ರಿಕೆಗಳಲ್ಲಿ ಜಲಾವೃತವಾಗುವ ಬಡಾವಣೆಯೆಂದರೆ ನೀರು ನುಗ್ಗಿದ ಬಡಾವಣೆಯೇ ಹೊರತು ದ್ವೀಪವಲ್ಲ. ಅದೇ ಜಾಡಿನಲ್ಲಿ ಓದಿದರೆ ಭೂಆವೃತ ದೇಶವೆಂಬುದು ಮಣ್ಣಿನಡಿ ಹೂತುಹೋದ ದೇಶವಾಗುತ್ತದೆ. ಮಳೆಗಾಲದಲ್ಲಿ ಬೆಟ್ಟ ಕುಸಿದು ಊರುಗಳನ್ನೇ ನುಂಗುವ ನೇಪಾಳದ ವಿಷಯದಲ್ಲಿ ಇದು ಬರಿಯ ತಮಾಷೆಯೂ ಅಲ್ಲ. ಇನ್ನು ಸಂಧಿಯ ಮಾತು: ‘ಭೂ’ ಮತ್ತು ‘ಆದಿ’ ಸೇರಿ ‘ಭ್ವಾದಿ’ ಆಗುವಂತೆ ಇದು ‘ಭ್ವಾವೃತ’ ಆಗಬೇಕು. ಹಾಗೆ ಯಾರೂ ಬರೆಯುವುದಿಲ್ಲ, ನಾನೂ ಬರೆಯಲಾರೆ.

ನೇಪಾಳಿಗರು ತಮ್ಮ ದೇಶವನ್ನು ‘ಭೂಪರಿವೇಷ್ಟಿತ’ ಎನ್ನುತ್ತಾರೆ. ಪೂರ್ವ, ದಕ್ಷಿಣ, ಪಶ್ಚಿಮಗಳಲ್ಲಿ ಭಾರತ, ಉತ್ತರದಲ್ಲಿ ಚೀನಾ ಸುತ್ತುಗಟ್ಟಿರುವ 1,47,516 ಚದರ ಕಿಲೋಮೀಟರುಗಳ ನಾಡಿಗೆ ಈ ಪದ ಕರಾರುವಾಕ್ಕಾಗಿ ಹೊಂದುತ್ತದೆಯಾದರೂ, ಒಂಬತ್ತನೆಯ ತರಗತಿಯ ಮಗುವಿನ ನಾಲಿಗೆಗೆ ಇದು ಹೊರೆ. ಹದಿನೆಂಟನೆಯ ಶತಮಾನದ ದೊರೆ ಪೃಥ್ವಿನಾರಾಯಣ ಶಾಹನದೆಂದು ಹೇಳಲಾಗುವ, ತನ್ನ ರಾಜ್ಯ ‘ಎರಡು ಬಂಡೆಗಳ ನಡುವಿನ ಗೆಣಸು’ ಎಂಬ ಮಾತು ಇದಕ್ಕಿಂತ ಎಷ್ಟೋ ಚೆನ್ನಾಗಿ ಕಣ್ಣಿಗೆ ಕಟ್ಟುತ್ತದೆ. ‘ಭೂಬಂಧಿತ’ದ ತೊಡಕು ಬೇರೆಯದು. ಕನ್ನಡದಲ್ಲಿ ಬಂಧಿತನೆಂದರೆ ಪೊಲೀಸರ ವಶದಲ್ಲಿರುವವನು. ದೇಶವೊಂದರ ನೆಲೆಯನ್ನು ಹೇಳಬೇಕಾದಲ್ಲಿ ಈ ಪದ ಅದರ ದುರವಸ್ಥೆಯ ಬಗ್ಗೆ ತೀರ್ಪು ಕೊಟ್ಟುಬಿಡುತ್ತದೆ. ‘ಒಳನಾಡು’ ಸುಂದರವಾದ ಪದವಾದರೂ, ಕರಾವಳಿಯೂ ಇರುವ ಸೀಮೆಯ ಒಳಭಾಗಕ್ಕೆ ಅದು ಮೀಸಲಾಗಿದೆ.

ಅರ್ಥವ್ಯವಸ್ಥೆಯ ಭಾಗಕ್ಕೆ ಬಂದಾಗ ಇನ್ನೆರಡು ಪದಗಳು ಕಾಡಿದವು. ಹೊರದೇಶಗಳಿಂದ ಕೋಲ್ಕತ್ತಾ ಬಂದರಿಗೆ ಬಂದಿಳಿದ ಕಂಟೇನರುಗಳು ಸುಮಾರು 700 ಕಿ.ಮೀ. ರೈಲಿನಲ್ಲಿ ಸಾಗಿ, ಬಿಹಾರದ ಗಡಿ ಪಟ್ಟಣ ರಕ್ಸೋಲ್ ದಾಟಿ, ನೇಪಾಳದ ಬೀರ್‌ಗಂಜ್ ಬಳಿಯ ಸಿರ್ಸಿಯಾದಲ್ಲಿ ಇಳಿಯುತ್ತವೆ. ಆ ತಾಣಕ್ಕೆ ನೇಪಾಳಿಯಲ್ಲಿ ‘ಸುಕ್ಖಾ ಬಂದರ್‌ಗಾಹ್’ ಎಂದು ಹೆಸರು. ‘ಒಣ ಬಂದರು’ ಎಂದು ಬರೆದೆ, ಓದಿದಾಗ ಒಣಮೀನಿನ ವಾಸನೆ ಬಂದಂತಾಯಿತು. ನಮ್ಮ ವೈಟ್‌ಫೀಲ್ಡಿನಲ್ಲಿಯೂ ಇಂತಹುದೇ ಕಂಟೇನರ್ ಡಿಪೊ ಇದೆ. ಅದನ್ನು ಬಂದರು ಎಂದು ಯಾರಾದರೂ ಕರೆದದ್ದನ್ನು ನಾನು ಕೇಳಿಲ್ಲ. ಇನ್ನೊಂದು ಪದ ‘ನಾಕಾಬಂದಿ’. 2015ರಲ್ಲಿ ಹೊಸ ಸಂವಿಧಾನ ಜಾರಿಗೆ ಬಂದ ಬೆನ್ನಲ್ಲೇ ಗಡಿಯಲ್ಲಿ ಲಾರಿಗಳು ನಿಂತು, ಅಡುಗೆ ಅನಿಲದ ಸಿಲಿಂಡರುಗಳನ್ನು ಅರ್ಧ ಮಾತ್ರ ತುಂಬಿಸಿ ಹಂಚಬೇಕಾಗಿ ಬಂದ ತಿಂಗಳುಗಳಿಗೆ ಅಲ್ಲಿನವರು ಇಟ್ಟ ಹೆಸರದು. ಇಲ್ಲಿ ನಾಕಾಬಂದಿಯೆಂದರೆ ರಾತ್ರಿ ಪೊಲೀಸರು ಬ್ಯಾರಿಕೇಡ್ ಇಟ್ಟು ವಾಹನ ತಪಾಸಣೆ ಮಾಡುವುದಷ್ಟೇ. ಆದ್ದರಿಂದ ‘ದಿಗ್ಬಂಧನ’ ಎಂದು ಬದಲಿಸಿದ್ದೇನೆ.

ಜನಸಂಖ್ಯೆಯ ಭಾಗದಲ್ಲಿ ತಕರಾರು ಕಡಿಮೆ. 2021ರ ಜನಗಣತಿಯಲ್ಲಿ ಎಣಿಕೆಯಾದವರು 2,91,64,578; ಇವರಲ್ಲದೆ ಹೊರದೇಶಗಳಲ್ಲಿದ್ದ ಸುಮಾರು 22 ಲಕ್ಷ ಮಂದಿಯನ್ನು ಗಣತಿಯು ‘ಅನುಪಸ್ಥಿತ’ರೆಂದು ಬೇರೆಯೇ ಲೆಕ್ಕ ಹಾಕಿದೆ. ‘ಗೈರುಹಾಜರಾದವರು’ ಎಂದರೆ ಶಾಲೆಯ ಹಾಜರಿ ಪುಸ್ತಕ ನೆನಪಾಗುತ್ತದೆ; ಅವರು ಕಳುಹಿಸುವ ಹಣವೇ ದೇಶದ ಒಟ್ಟು ಉತ್ಪನ್ನದ ನಾಲ್ಕನೆಯ ಒಂದು ಭಾಗದಷ್ಟಿರುವಾಗ, ದಿನವಿಡೀ ದುಡಿಯುತ್ತಿರುವವರನ್ನು ಗೈರುಹಾಜರು ಎನ್ನುವುದು ಹೇಗೆ? ‘ಹೊರದೇಶದಲ್ಲಿರುವವರು’ ಎಂದು ಬರೆದು ಮುಂದೆ ಹೋದೆ.

ಮೂಲಪದಕ್ಕೆ ಮರಳುತ್ತೇನೆ. ನನ್ನ ಒಲವು ‘ಕಡಲಿಲ್ಲದ ದೇಶ’ ಎಂಬುದರತ್ತ. 1982ರ ವಿಶ್ವಸಂಸ್ಥೆಯ ಸಮುದ್ರ ಕಾನೂನು ಒಪ್ಪಂದವೂ ಇಂತಹ ದೇಶವನ್ನು ‘ಸಮುದ್ರತೀರವಿಲ್ಲದ್ದು’ ಎಂದೇ ವ್ಯಾಖ್ಯಾನಿಸುತ್ತದೆ. ಸುತ್ತ ಏನಿದೆ ಎಂಬುದಕ್ಕಿಂತ ಏನಿಲ್ಲ ಎಂಬುದೇ ಅಲ್ಲಿಯೂ ಮುಖ್ಯ. ಉಜ್ಬೇಕಿಸ್ತಾನವನ್ನು ‘ಕಡಲಿಲ್ಲದ ದೇಶಗಳೇ ಸುತ್ತುವರಿದಿರುವ ಕಡಲಿಲ್ಲದ ದೇಶ’ ಎಂದರೆ ಉದ್ದವಾದರೂ ತಟ್ಟನೆ ತಿಳಿಯುತ್ತದೆ; ‘ದ್ವಿಭೂಆವೃತ’ವನ್ನು ಕಲ್ಪಿಸಿಕೊಳ್ಳಿ.

ಆದರೆ ಎರಡು ಕಡೆ ನನ್ನ ಪದವೂ ಕುಂಟುತ್ತದೆ. ಕಜಾಕಿಸ್ತಾನ ಕೂಡ ಇದೇ ಗುಂಪಿನದು, ಆದರೆ ಭೂಪಟದಲ್ಲಿ ಅದರ ಪಕ್ಕ ‘ಕ್ಯಾಸ್ಪಿಯನ್ ಸಮುದ್ರ’ ಎಂದೇ ಅಚ್ಚಾಗಿರುತ್ತದೆ; ಮಗು ಕೇಳಿದರೆ, ಅದು ಮಹಾಸಾಗರವನ್ನು ಸೇರದ, ಹೆಸರಿಗೆ ಮಾತ್ರ ಸಮುದ್ರವೆಂದು ವಿವರಿಸಬೇಕಾಗುತ್ತದೆ. ಎರಡನೆಯದಾಗಿ, ಕೋಷ್ಟಕದ ತಲೆಬರಹಕ್ಕೆ ನಾಮಪದ ಬೇಕು, ‘ಕಡಲಿಲ್ಲದಿರುವಿಕೆ’ ಅಲ್ಲಿ ಹಿಡಿಸುವುದಿಲ್ಲ. ಮಂಗಳೂರು ಅಥವಾ ಕಾರವಾರದ ಬಂದರು, ಸುಂಕ ಕಚೇರಿಗಳಲ್ಲಿ ದುಡಿದವರ ಬಾಯಲ್ಲಿ ಈ ಅರ್ಥಕ್ಕೆ ಬೇರೆ ಚಿಕ್ಕ ಪದವೇನಾದರೂ ಇದೆಯೇ? ಹಳೆಯ ಭೂಗೋಳ ಪಠ್ಯಗಳಲ್ಲಿ ‘ಭೂಆವೃತ’ಕ್ಕಿಂತ ಮೊದಲು ಏನೆಂದು ಬರೆಯುತ್ತಿದ್ದರು ಎಂಬುದು ಯಾರಿಗಾದರೂ ನೆನಪಿದ್ದರೆ, ವಾಕ್ಯಸಹಿತವಾಗಿ ತಿಳಿಸಬೇಕೆಂದು ಕೋರುತ್ತೇನೆ.